ವಲ್ಲಿಯ ಕೆಳಗಿನ ಬೆರಳು

ಕಣ್ಣಿಲ್ಲ ಅದಕ್ಕೆ. ಮೂಗಿಲ್ಲ.
ಇರುವುದು ಮೈತುಂಬ ಬೆರಳು.

ಅಬ್ಬಾ ದನದ ದಲ್ಲಾಳಿ.
ಚಿಂತಾಮಣಿ ಸಂತೆಯಲ್ಲಿ ದಸ್ತಗೀರ್ ಸಾಬ್ ಎಂದರೆ
ಎತ್ತುಗಳೂ ತಿರುಗಿ ನೋಡುತ್ತಿದ್ದವಂತೆ, ಅವನೇ ಹೇಳಿದ್ದು.
ಕೊಳ್ಳುವವನ ಕೈ ಹಿಡಿದು, ಮೇಲೆ ಕೆಂಪು ವಲ್ಲಿ ಹೊದಿಸಿ
ಒಳಗೇ ಬೆಲೆ ಹೇಳುವನು.
ಮೇಲೆ ಮಾತು ಹುಲ್ಲಿನದು, ಮೊಣಕಾಲು ನೋವಿನದು.
ಕೆಳಗೆ ನಾಲ್ಕು ಬೆರಳು, ಒಂದು ಗೆಣ್ಣು,
ತಡೆದು, ಇನ್ನರ್ಧ ಗೆಣ್ಣು.
ಪಕ್ಕದಲ್ಲಿ ನಿಂತ ನನಗೆ ಕಾಣುತ್ತಿದ್ದದ್ದು
ಬಟ್ಟೆಯ ಅಲುಗಾಟ ಮಾತ್ರ.

ಇವತ್ತು ಚಿಕ್ಕಬಳ್ಳಾಪುರದಲ್ಲಿ,
ಕೋಳಿರೋಗ ಪತ್ತೆಯ ಎರಡು ಕೋಣೆಯ ಲ್ಯಾಬಿನಲ್ಲಿ
ತೊಂಬತ್ತಾರು ಗುಳಿಯ ತಟ್ಟೆಗೆ
ಕೋಳಿಯ ರಕ್ತ ಬಿಡುತ್ತಿದ್ದೇನೆ,
ನೂರಕ್ಕೆ ಒಂದು ಪಾಲು, ತೆಳ್ಳಗೆ.

ಮಾದರಿ ತಂದವಳು ಗಂಗುಲಮ್ಮ,
ಗೌರಿಬಿದನೂರು ರಸ್ತೆಯ ಶೆಡ್ಡಿನಲ್ಲಿ ಮೊಟ್ಟೆ ಎಣಿಸುವವಳು.
ಬಸ್ಸಿನುದ್ದಕ್ಕೂ ಐಸು ಡಬ್ಬ ತೊಡೆಯ ಮೇಲಿಟ್ಟು
ಸೀರೆಯೆಲ್ಲ ಒದ್ದೆ.
"ನೂರು ಟ್ರೇ ಬರ್ತಿದ್ದಿದ್ದು ಅರವತ್ತಕ್ಕೆ ಬಿತ್ತು ಮೇಡಂ.
ಚಿಪ್ಪು ನೋಡಿ, ಈರುಳ್ಳಿ ಸಿಪ್ಪೆ."
ಅಂದಳು. ಕೆಮ್ಮಿದಳು.

ವೈರಸ್ ಇಲ್ಲವಾದರೆ ರಕ್ತಕಣಗಳು ಜಾರಿ
ಗುಳಿಯ ತಳದಲ್ಲಿ ಗುಲಗಂಜಿಯಾಗಿ ಕೂರುತ್ತವೆ.
ಇದ್ದರೆ, ಅದು ಆಚೆಗೊಂದು ಕಣ ಈಚೆಗೊಂದು ಕಣ ಹಿಡಿದು
ಗುಳಿಯಗಲಕ್ಕೂ ಬಲೆ ನೇಯುತ್ತದೆ.
ಬಲೆ ಜಾರುವುದಿಲ್ಲ.
ಮುಕ್ಕಾಲು ಗಂಟೆ ಕಾಯಬೇಕು.

ಪುಸ್ತಕ ಇದನ್ನು ಬೀಗ, ಕೀಲಿಕೈ ಎನ್ನುತ್ತದೆ.
ಪುಸ್ತಕ ಬರೆದವರು ಸಂತೆ ನೋಡಿಲ್ಲ.
ಒಂದು ಬೆರಳಿನ ಹಿಡಿತ ಹಿಡಿತವೇ ಅಲ್ಲ,
ಅಲುಗಿದರೆ ಕಳಚುವಂಥದ್ದು.
ಉತ್ತರಾಣಿ ಬೀಜ ಲಂಗಕ್ಕೆ ಹತ್ತಿದ ಹಾಗೆ
ನೂರು ಸಡಿಲ ಹಿಡಿತ ಕೂಡಿ ಒಂದು ಗಟ್ಟಿ.

ಜೀವಕೋಶದ ಹೊರಗೆ ಸಕ್ಕರೆಯ ಸರಗಳು ತೂಗುತ್ತವೆ,
ತುದಿಯಲ್ಲಿ ಸಯಾಲಿಕ್ ಆಮ್ಲ,
ಹೆಸರಿಗೆ ಆಮ್ಲ, ಕುಲದಲ್ಲಿ ಸಕ್ಕರೆ.
ಹಕ್ಕಿಯಲ್ಲಿ ಅದು ನೆಟ್ಟಗೆ ಚಾಚಿಕೊಂಡಿದೆ.
ನಮ್ಮ ಗಂಟಲಲ್ಲಿ ಬಿಚ್ಚಿದ ಕೊಡೆಯಂತೆ ಬಾಗಿದೆ.
ಅಷ್ಟೇ. ಒಂದು ಗೆಣ್ಣಿನ ಬಾಗು.
ಹಕ್ಕಿಯ ಬೆಲೆ ಕಲಿತ ಬೆರಳಿಗೆ
ವಲ್ಲಿಯ ಕೆಳಗೆ ಮನುಷ್ಯರ ಕೈ ಸಿಕ್ಕರೆ
ಲೆಕ್ಕ ಕೂಡುವುದಿಲ್ಲ.

ಗಂಗುಲಮ್ಮನಿಗೆ ಇಷ್ಟು ಹೇಳಿದೆ.
ಎದೆಯ ತೀರ ಆಳದಲ್ಲಿ, ಗಾಳಿಯ ಕೊನೆಯ ಗುಳ್ಳೆಗಳಲ್ಲಿ
ನಮಗೂ ಹಕ್ಕಿಯ ಸಕ್ಕರೆಯಿದೆ ಎಂದು ಹೇಳಲಿಲ್ಲ.
ಒಂಬತ್ತನೇ ಎಚ್ ಮನೆತನದ ಕೆಲವು
ಸರದ ಇನ್ನೂರಿಪ್ಪತ್ತಾರನೇ ಮಣಿ ಬದಲಿಸಿಕೊಂಡು
ನಮ್ಮ ಬೆಲೆಯನ್ನೂ ಕಲಿತಿವೆ ಎಂದು ಹೇಳಲಿಲ್ಲ.
ಒಂದು ಮಣಿ.
ಅಬ್ಬಾ ಒಮ್ಮೆ ಅರ್ಧ ಗೆಣ್ಣು ತಪ್ಪಿ ಮುಟ್ಟಿ
ಒಳ್ಳೆಯ ಜೋಡಿಯೊಂದನ್ನು ಬಿಟ್ಟುಕೊಟ್ಟು
ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಏಳನೇ ಗುಳಿಯವರೆಗೆ ಬಲೆ.
ಎಂಟರಿಂದ ಗುಲಗಂಜಿ.
ಬರೆದುಕೊಂಡೆ: ಒಂದಕ್ಕೆ ನೂರಿಪ್ಪತ್ತೆಂಟು.
ಜಿಲ್ಲಾಸ್ಪತ್ರೆಗೊಂದು ಚೀಟಿಯನ್ನೂ.
"ಕೋಳಿಗೆ ತಾನೇ ಬಂದಿರೋದು?" ಎಂದಳು.
"ಗಂಟಲು ತೋರಿಸಿ ಬಾ" ಎಂದೆ.
ಚೀಟಿಯ ಕೆಳಗೆ ಅವಳ ಬೆರಳು ನನ್ನ ಗ್ಲೌಸಿಗೆ ತಾಗಿತು.
ರಬ್ಬರಿನ ಮೂಲಕ
ಎಷ್ಟು ಎಂದು ತಿಳಿಯಲಿಲ್ಲ.

ತಟ್ಟೆ ಮೇಜಿನ ಮೇಲೆಯೇ ಮರೆತಿದ್ದೆ.
ಸಂಜೆ ನೋಡಿದರೆ ಬಲೆಗಳೆಲ್ಲ ಕುಸಿದು
ತಳದಲ್ಲಿ ಕೆಂಪು ಚುಕ್ಕೆಗಳು.
ಹಿಡಿಯುವ ಪ್ರೋಟೀನಿನ ಪಕ್ಕದಲ್ಲೇ
ಅದರ ಕತ್ತರಿಯೂ ನಿಂತಿರುತ್ತದೆ:
ಹಿಡಿದ ಸಕ್ಕರೆಯನ್ನು ತಾನೇ ಕತ್ತರಿಸಿ
ಮುಂದಿನ ಮನೆಗೆ ಹೊರಡಲು.
ಕತ್ತರಿ ಇಲ್ಲದೆ ಹುಟ್ಟಿದ್ದರೆ
ಹುಟ್ಟಿದ ಹೊಸಿಲಿಗೇ ಅಂಟಿಕೊಂಡಿರುತ್ತಿತ್ತು.
ವ್ಯಾಪಾರ ಕುದುರಿದ ಮೇಲೆ ಅಬ್ಬಾ ಕೂಡ
ಕೈಯನ್ನು ಒಂದು ಗಳಿಗೆಯೂ ಇಟ್ಟುಕೊಳ್ಳುತ್ತಿರಲಿಲ್ಲ,
ವಲ್ಲಿ ಕೊಡವಿ ಹೆಗಲಿಗೆ ಹಾಕಿ
ಇನ್ನೊಬ್ಬರ ಕಡೆ ನಡೆದಿರುತ್ತಿದ್ದ.

ತಟ್ಟೆಯನ್ನು ಬ್ಲೀಚಿಂಗ್ ನೀರಿಗೆ ಮುಳುಗಿಸಿದೆ.
ಗ್ಲೌಸು ಕಳಚಿ ಕೈ ತೊಳೆದೆ,
ಗೆಣ್ಣು ಗೆಣ್ಣಿಗೂ ಸೋಪು,
ನಾಲ್ಕು ಬೆರಳು, ಒಂದು ಗೆಣ್ಣು,
ಇನ್ನರ್ಧ.